ಇಳಿವಯಸ್ಸಿನಲ್ಲಿ ಸಂಗಾತಿಗೆ ಲೈಂಗಿಕ ಆಸೆ ತಗ್ಗಿದರೆ ಏನು ಮಾಡಬೇಕು?

ಐವತ್ತೈದು ದಾಟಿದ ಮೇಲೆ ಹೆಂಡತಿ ಮೊಮ್ಮಗಳ ಪಕ್ಕ ಹಾಸಿಗೆ ಹಾಕಿಕೊಳ್ಳುತ್ತಾಳೆ. ಇಲ್ಲವೇ ಗಂಡ ಸೆಕೆ ಅಂತ ಮಾಳಿಗೆ ಹತ್ತುತ್ತಾನೆ. ಇಬ್ಬರಲ್ಲಿ ಒಂಟಿಯಾಗಿ ಉಳಿದವರು ‘ನಾನು ಬೇಡವಾದೆ’ ಅಂತ ಮುನಿಸಿಕೊಂಡು ಮಾತು ಬಿಡುತ್ತಾರೆ. ನಮ್ಮ ಬಳ್ಳಾರಿ, ರಾಯಚೂರು ಕಡೆ ಇಂಥ ಮನೆಗಳನ್ನು ತುಂಬಾ ನೋಡಿದ್ದೇನೆ. ಅಲ್ಲಿ ಆಸೆ ತಗ್ಗಿದ್ದಕ್ಕಿಂತ ಈ ಮೌನವೇ ಜಾಸ್ತಿ ನೋಯಿಸುತ್ತದೆ.

ಹೆಜ್ಜೆ 1: ಮುನಿಸು ಬಿಟ್ಟು ಕಾರಣ ತಿಳಿಯಿರಿ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಎಂಬ ಹಾರ್ಮೋನ್ ಇಳಿಯುತ್ತದೆ, ಯೋನಿ ಒಣಗುತ್ತದೆ, ಕೂಡಿದರೆ ಉರಿ, ನೋವು. ನೋವಾಗುವುದನ್ನು ಯಾರು ಬಯಸುತ್ತಾರೆ, ಅಲ್ವಾ? ಗಂಡಸರಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಖಿನ್ನತೆಯ ಕೆಲವು ಮಾತ್ರೆಗಳೂ ಕಾರಣ ಇರಬಹುದು.

ಹೆಜ್ಜೆ 2: ಮಾತಾಡಿ. ಜನ ಎಡವುವುದು ಇಲ್ಲೇ. ರಾತ್ರಿ ದೀಪ ಆರಿಸಿದ ಮೇಲೆ ಈ ಮಾತು ತೆಗೆಯಲೇಬೇಡಿ. ಆಗ ಏನು ಕೇಳಿದರೂ ಒತ್ತಾಯದಂತೆ ಕೇಳಿಸುತ್ತದೆ. ಬಿಸಿಲೇರುವ ಮುಂಚೆ ಇಬ್ಬರೇ ವಾಕಿಂಗ್ ಹೋಗಿ. ಗಂಗಾವತಿ, ಸಿಂಧನೂರಿನವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಇದ್ದೇ ಇದೆ. ಜೊತೆಗೆ ನಡೆಯುವಾಗ ಮುಖ ನೋಡಬೇಕಿಲ್ಲ, ನಾಚಿಕೆಯ ಮಾತೂ ಹೊರಬರುತ್ತದೆ.

‘ಯಾಕ ನನ್ನ ಹತ್ರ ಬರಂಗಿಲ್ಲ?’ ಅಂದರೆ ಜಗಳ ಶುರು. ‘ಇತ್ತೀಚಿಗೆ ನಿನಗ ನೋವಾಗ್ತದೇನು?’ ಅಂತ ಕೇಳಿ. ಕೇಳಿ ಸುಮ್ನಿರಿ. ಉತ್ತರಕ್ಕೆ ಅವಸರ ಮಾಡಬೇಡಿ. ‘ನನಗ ಮನಸ್ಸಿಲ್ಲ’ ಅಂದರೆ ವಾದ ಬೇಡ. ಏನು ಹಿತವಾಗುತ್ತದೆ ಅಂತ ಕೇಳಿ: ಬೆನ್ನು ಒತ್ತುವುದಾ, ಕೈ ಹಿಡಿದು ಮಲಗುವುದಾ? ಅಷ್ಟೇ ಸಾಕು ಅಂದರೆ ಅಷ್ಟಕ್ಕೇ ನಿಲ್ಲಿ. ಪ್ರತಿ ಅಪ್ಪುಗೆಯೂ ಮುಂದಕ್ಕೇ ಎಳೆಯುತ್ತದೆ ಅನಿಸಿದರೆ ಅವರು ಅಪ್ಪಿಕೊಳ್ಳುವುದನ್ನೂ ಬಿಡುತ್ತಾರೆ. ಒಲ್ಲೆ ಅಂದ ಮೇಲೆ ಒತ್ತಾಯ ಮಾಡುವ ಹಕ್ಕು ಮದುವೆಯಿಂದ ಬರುವುದಿಲ್ಲ.

ಹೆಜ್ಜೆ 3: ಡಾಕ್ಟರ್ ಹತ್ತಿರ ಇಬ್ಬರೂ ಹೋಗಿ. ನುಂಗುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಒಯ್ಯಿರಿ, ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಒಣಗುವಿಕೆಗೆ ಮೆಡಿಕಲ್ ಶಾಪಿನ ನೀರಿನಂಶದ ಜೆಲ್ ಸಾಕಾಗಬಹುದು. ಸಾಲದಿದ್ದರೆ ಸ್ತ್ರೀರೋಗ ತಜ್ಞರು ಈಸ್ಟ್ರೋಜೆನ್ ಕ್ರೀಮ್ ಬರೆದುಕೊಡುತ್ತಾರೆ.

ಬಸ್ ಸ್ಟ್ಯಾಂಡ್ ಗೋಡೆಯ ಮೇಲಿನ ‘ಗುಪ್ತರೋಗ’ ಜಾಹೀರಾತು ನಂಬಿ ಎಣ್ಣೆ, ಲೇಹ್ಯಕ್ಕೆ ದುಡ್ಡು ಸುರಿಯಬೇಡಿ. ಸಿಲ್ಡೆನಾಫಿಲ್ (ವಯಾಗ್ರ) ಮಾತ್ರೆಯೂ ಆಸೆ ತರುವುದಿಲ್ಲ, ನಿಮಿರುವುದಕ್ಕೆ ಮಾತ್ರ ನೆರವಾಗುತ್ತದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮುಟ್ಟಲೇಬಾರದು. ರಕ್ತದೊತ್ತಡ ಒಮ್ಮೆಲೇ ಕುಸಿದು ಜೀವಕ್ಕೇ ಅಪಾಯ.

ಆಸೆಯ ಜೊತೆ ಊಟ, ನಿದ್ದೆಯೂ ಕೆಟ್ಟಿದ್ದರೆ ಖಿನ್ನತೆ ಇರಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.