ಕೆರೆಯ ಪಕ್ಕ ಮನೆ ನೋಡುತ್ತಿರುವವರಿಗೆ

ಬೆಳಗಿನ ನಡಿಗೆಗೆ ಅನುಕೂಲವೆಂದು ಬೆಂಗಳೂರಿನ ಜಕ್ಕೂರು, ಕೈಕೊಂಡ್ರಹಳ್ಳಿಯಂಥ ಕೆರೆಗಳ ಹತ್ತಿರ ಮನೆ ಅಥವಾ ನಿವೇಶನ ಹುಡುಕುತ್ತಿರುವವರು, ಬಾಲ್ಕನಿಯಿಂದ ನೀರು ಕಾಣುತ್ತದೆಯೇ ಎಂದು ನೋಡುವ ಮೊದಲು, ಆ ಕೆರೆಯ ಕೋಡಿ ಎಲ್ಲಿದೆ, ಕೋಡಿ ಬಿದ್ದ ನೀರು ಯಾವ ದಾರಿಯಲ್ಲಿ ಹರಿಯುತ್ತದೆ ಎಂಬುದನ್ನು ವಿಚಾರಿಸಿಕೊಳ್ಳಬೇಕು. ಬೆಂಗಳೂರಿನ ಕೆರೆಗಳು ರಾಜಕಾಲುವೆಗಳ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆಗಳ, ಮೂಲಕ ಸರಪಳಿಯಾಗಿ ಜೋಡಣೆಗೊಂಡಿರುವುದರಿಂದ, ಮೇಲಿನ ಕೆರೆ ತುಂಬಿದರೆ ಅದರ ನೀರು ಕೆಳಗಿನದಕ್ಕೆ ಇಳಿಯಲೇಬೇಕು. ದಾರಿ ಇಕ್ಕಟ್ಟಾದರೆ ಅದು ಬಡಾವಣೆಗೇ ನುಗ್ಗುತ್ತದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಭಾಗದ ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಬೇಕಾಯಿತು.

ಜಾಗದಲ್ಲಿ ನಿಂತು ರಾಜ್ಯ ಸರ್ಕಾರದ ಭೂನಕಾಶೆ ಆ್ಯಪ್ ಆದ ದಿಶಾಂಕ್ ತೆರೆದರೆ ಸರ್ವೆ ನಂಬರಿನೊಂದಿಗೆ ಕಂದಾಯ ನಕಾಶೆಯಲ್ಲಿನ ಕೆರೆ, ಕಾಲುವೆಗಳ ಗುರುತೂ ಸಿಗುತ್ತದೆ. ಈಗ ಚಪ್ಪಡಿ ಮುಚ್ಚಿ ರಸ್ತೆಯಂತಾಗಿರುವ ಚರಂಡಿ ಅಲ್ಲಿ ಕಾಲುವೆಯಾಗಿಯೇ ಇರಬಹುದು. ದಲ್ಲಾಳಿಯ ಮಾತಿಗಿಂತ ಇದನ್ನು ನಂಬುವುದು ಕ್ಷೇಮ. ಆದರೂ ಖರೀದಿಗೆ ಮುನ್ನ ವಕೀಲರಿಂದ ದಾಖಲೆ ಪರಿಶೀಲನೆ ಮಾಡಿಸುವುದು ತಪ್ಪಬಾರದು.

ಬಾಡಿಗೆಗೆ ಹೋಗುವವರು ನೆಲಮಾಳಿಗೆಯ ಗೋಡೆಗಳನ್ನು ಗಮನಿಸಿರಿ. ಮೊಣಕಾಲೆತ್ತರದಲ್ಲಿ ಮಾಸಲು ಗೆರೆಯೋ, ಆ ಮಟ್ಟದವರೆಗೆ ಮಾತ್ರ ಹೊಸ ಬಣ್ಣವೋ ಕಂಡರೆ, ಎದುರಿನ ಅಂಗಡಿಯವರನ್ನು ಕೇಳಿದರೆ ನಿಜ ತಿಳಿಯುತ್ತದೆ. ಸಂಪಿನ ಬಾಯಿ ನೆಲಮಟ್ಟದಲ್ಲೇ ಇದ್ದರೆ ಮಳೆಗಾಲದಲ್ಲಿ ಚರಂಡಿ ನೀರು ಕುಡಿಯುವ ನೀರಿಗೆ ಸೇರುವ ಸಂಭವವಿದೆ. ಮನೆಯನ್ನು ಬೆಳಿಗ್ಗೆ ನೋಡಿದವರು ಸಂಜೆಯೂ ಒಮ್ಮೆ ಹೋಗಿ ಬರುವುದು ಒಳ್ಳೆಯದು, ಏಕೆಂದರೆ ಸೊಳ್ಳೆಗಳ ಕಾಟ ಗೊತ್ತಾಗುವುದು ಆಗಲೇ.