ಅಪ್ಪನ ಕ್ಯಾಸೆಟ್‌ಗಳಿಗೆ ಡಿಸ್ಕ್ ಹುಡುಕಿದ ಕಥೆ

ಅಪ್ಪ ಬಿಟ್ಟುಹೋದ ಆಸ್ತಿಯೆಂದರೆ ಎರಡು ಟ್ರಂಕ್ ತುಂಬ ಕ್ಯಾಸೆಟ್. ಧಾರವಾಡದ ಮನೆ ಬೈಠಕ್‌ಗಳಲ್ಲಿ, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಟೇಪ್ ರೆಕಾರ್ಡರ್ ಹಿಡಿದು ಕುಳಿತು ತುಂಬಿಕೊಂಡವು. ಮಳೆಗಾಲದ ತಂಪಿಗೆ ಟೇಪಿಗೆ ಬೂಷ್ಟು ಹಿಡಿಯತೊಡಗಿದಾಗ ಅವನ್ನು ಕಂಪ್ಯೂಟರಿಗೆ ಇಳಿಸಲು ಕುಳಿತೆ. 24 ಬಿಟ್, 48 ಕಿಲೋಹರ್ಟ್ಸ್ ಎಂಬ ಧ್ವನಿ ಗುಣಮಟ್ಟದಲ್ಲಿ ಒಂದು ಗಂಟೆಯ ಗಾಯನಕ್ಕೆ ಸುಮಾರು 1 ಜಿಬಿ ಜಾಗ ಬೇಕು.

ಮೊದಲು ಕೊಂಡದ್ದು ಅಂಗೈಯಗಲದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಎರಡನೇ ವರ್ಷ ಅದು ಟಿಕ್ ಟಿಕ್ ಎಂದು ಸದ್ದು ಮಾಡಿ ಸುಮ್ಮನಾಯಿತು. ರಿಪೇರಿಯವರು ಬಿಚ್ಚಿ ತೋರಿಸಿದರು: ಯುಎಸ್‌ಬಿ ಕಿಂಡಿಯನ್ನೇ ಬೋರ್ಡಿಗೆ ಬೆಸೆದಿದ್ದರಿಂದ, ಒಳಗಿನ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ನೇರವಾಗಿ ಜೋಡಿಸಿ ನೋಡುವ ದಾರಿಯೂ ಇರಲಿಲ್ಲ. ಇಳಿಸಿದ ಮೇಲೆ ತುಂಡಾಗಿದ್ದ ಮೂರು ಕ್ಯಾಸೆಟ್‌ಗಳ ಹಾಡು ಹೋಗಿಯೇ ಹೋಯಿತು.

ಹುಬ್ಬಳ್ಳಿಗೆ ಹೋಗಿ ಅಂಗಡಿಯಿಂದ ಅಂಗಡಿಗೆ ಅಲೆದು ಯಾವ ಕಂಪನಿ ಒಳ್ಳೆಯದೆಂದು ಕೇಳಿದೆ. ಪ್ರತಿಯೊಬ್ಬರಿಗೂ ತಮ್ಮ ಕಪಾಟಿನಲ್ಲಿದ್ದದ್ದೇ ಒಳ್ಳೆಯದು. ಜನರ ಕಡತಗಳನ್ನು ಇಂಟರ್ನೆಟ್ ಮೂಲಕ ಕಾಯ್ದಿಡುವ ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಸಂಸ್ಥೆ ತಾನು ಓಡಿಸುವ ಲಕ್ಷಾಂತರ ಡಿಸ್ಕ್‌ಗಳಲ್ಲಿ ಎಷ್ಟು ಕೆಟ್ಟವೆಂದು 2013ರಿಂದ ಲೆಕ್ಕ ಕೊಡುತ್ತ ಬಂದಿದೆ. 2023ರಲ್ಲಿ ಆ ಪ್ರಮಾಣ ಶೇ. 1.4. ಒಂದೇ ಕಂಪನಿಯ ಒಂದು ಮಾದರಿ ಗಟ್ಟಿ, ಇನ್ನೊಂದು ಪೊಳ್ಳು. ಅದನ್ನು ಓದಿದ ಮೇಲೆ ಕಂಪನಿಯ ಹೆಸರು ಕೇಳುವುದನ್ನು ಬಿಟ್ಟು ಮಾದರಿ ಸಂಖ್ಯೆ ಕೇಳತೊಡಗಿದೆ.

ಆ ಸಂಖ್ಯೆ ಹಿಡಿದು ಕಂಪನಿಯ ವಿವರಪಟ್ಟಿಯಾದ ಡೇಟಾಶೀಟ್‌ನಲ್ಲಿ ನೋಡಿದ್ದು ಸಿಎಂಆರ್ ಎಂಬ ಮೂರಕ್ಷರ. ಅಂದರೆ ಮಾಹಿತಿ ಬರೆಯುವ ಪಥಗಳು ಒಂದರ ಮೇಲೊಂದು ಏರದೆ ಪಕ್ಕಪಕ್ಕದಲ್ಲಿರುವ ಡಿಸ್ಕ್. ಇನ್ನೊಂದು ಬಗೆಯಾದ ಎಸ್‌ಎಂಆರ್ ಡಿಸ್ಕ್‌ನಲ್ಲಿ ಆ ಪಥಗಳು ಮಂಗಳೂರು ಹಂಚಿನಂತೆ ಒಂದರ ಮೇಲೊಂದು ಹಾಸಿರುತ್ತವೆ. ನಡುವಿನ ಒಂದು ಹಂಚು ಬದಲಿಸಲು ಸುತ್ತಲಿನವನ್ನೂ ಎತ್ತಿ ಕೂರಿಸಬೇಕಲ್ಲ, ಹಾಗೆ. ಅಗ್ಗ ನಿಜ, ಆದರೆ ನೂರಾರು ಜಿಬಿ ಒಟ್ಟಿಗೆ ಬರೆಯುವಾಗ ಆಮೆಯಾಗುತ್ತದೆ. ಸೋದರಳಿಯ ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಕೊಳ್ಳೆಂದ. ವಿದ್ಯುತ್ತಿಲ್ಲದೆ ಕಪಾಟಿನಲ್ಲಿ ವರ್ಷಗಟ್ಟಲೆ ಮಲಗುವ ಪ್ರತಿಗೆ ಅದು ಬೇಡ. ಅದರ ಕೋಶಗಳಲ್ಲಿನ ವಿದ್ಯುದಂಶ ನಿಧಾನವಾಗಿ ಸೋರುತ್ತದೆ.

ಕೊನೆಗೆ 4 ಟಿಬಿಯ ಎರಡು ಡಿಸ್ಕ್ ಆರಿಸಿದೆ, ಬೇರೆ ಬೇರೆ ಕಂಪನಿಯವು. ಕಾರ್ಖಾನೆಯ ಒಂದೇ ಬ್ಯಾಚ್‌ನಲ್ಲಿ ತಯಾರಾದವು ಒಂದೇ ದೋಷ ಹೊತ್ತು ಬರಬಹುದೆಂಬ ಅಂಜಿಕೆ. ಎರಡಕ್ಕೂ ಮೂರು ವರ್ಷದ ವಾರಂಟಿ. ವಾರಂಟಿ ಹೊಸ ಡಿಸ್ಕ್ ಕೊಟ್ಟೀತು, ಕಳೆದ ಮಾರವಾ ರಾಗವನ್ನಲ್ಲ.

ಮನೆಗೆ ತಂದು ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತಂತ್ರಾಂಶ ತೆರೆದರೆ, ಹೊಸದೆಂದು ಕೊಟ್ಟಿದ್ದ ಒಂದು ಡಿಸ್ಕ್ ಆಗಲೇ ಹನ್ನೊಂದು ಸಾವಿರ ಗಂಟೆ ಓಡಿತ್ತು! ಅಂಗಡಿಯವನು ಗೊಣಗುತ್ತಲೇ ಬದಲಿಸಿಕೊಟ್ಟ. ಬದಲಿ ಬಂದ ಮೇಲೆ ಎರಡಕ್ಕೂ ರಾತ್ರಿಯಿಡೀ ದೀರ್ಘ ಪರೀಕ್ಷೆ ಓಡಿಸಿ, ತುದಿಯವರೆಗೆ ಬರೆದು ಓದಿಸಿದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ಪಟ್ಟಿಯಲ್ಲಿ, ಕೆಟ್ಟ ಜಾಗಗಳನ್ನು ಎಣಿಸುವ 5, 197, 198ನೇ ಸಾಲುಗಳಲ್ಲಿ ಸೊನ್ನೆಯೇ ಉಳಿದದ್ದನ್ನು ಕಂಡ ಬಳಿಕವಷ್ಟೇ ಹಾಡುಗಳನ್ನು ಹಾಕಿದೆ. ಈಗಲೂ ತಿಂಗಳಿಗೊಮ್ಮೆ ಆ ಸಾಲುಗಳನ್ನು ನೋಡುತ್ತೇನೆ.

ಮೂರನೆಯ ಡಿಸ್ಕೊಂದು ಗದಗಿನ ಅಕ್ಕನ ಮನೆಯ ಕಪಾಟಿನಲ್ಲಿ, ರೇಷ್ಮೆ ಸೀರೆಗಳ ಪಕ್ಕದಲ್ಲಿದೆ. ದಸರೆಗೆ ಬನ್ನಿ ಕೊಡಲು ಹೋದಾಗ ಅದನ್ನು ತಂದು ಹೊಸ ಪ್ರತಿಯನ್ನು ಅಲ್ಲಿಡುತ್ತೇನೆ. ಕಳೆದ ವರ್ಷ ಅಕ್ಕ ಅದಕ್ಕೂ ಕುಂಕುಮ ಹಚ್ಚಿ ಪೂಜೆಗಿಟ್ಟಿದ್ದಳು. ಯುಎಸ್‌ಬಿ ಕಿಂಡಿಯಿಂದ ಕುಂಕುಮ ತೆಗೆಯಲು ಹಲ್ಲುಜ್ಜುವ ಬ್ರಷ್ ಬೇಕಾಯಿತು.