ಎರಡು ರೌಟರ್, ಒಂದು ಗೇಟ್‌ವೇ: ವಿಆರ್‌ಆರ್‌ಪಿ ಅಳವಡಿಸಿದ ನನ್ನ ಅನುಭವ

ನಮ್ಮ ಕಚೇರಿಯಲ್ಲಿ ಕಂಪ್ಯೂಟರ್‌ಗಳು, ಪ್ರಿಂಟರ್‌ಗಳು ಮತ್ತು ಫೈಲ್ ಸರ್ವರ್ ಬೇರೆ ಬೇರೆ ವಿಎಲ್‌ಎಎನ್‌ಗಳಲ್ಲಿದ್ದು (ಒಂದೇ ಜಾಲವನ್ನು ಬೇರ್ಪಡಿಸಿದ ಭಾಗಗಳು), ಅವುಗಳ ನಡುವಿನ ಸಂಚಾರವೂ ಇಂಟರ್‌ನೆಟ್ ಸಂಚಾರವೂ ಒಂದೇ ಲಿನಕ್ಸ್ ರೌಟರ್ ಮೂಲಕ ಹಾದುಹೋಗುತ್ತಿದ್ದವು. ಬೇರೊಂದು ಸೇವಾದಾರರ ಸಂಪರ್ಕವಿರುವ ಎರಡನೆಯ ರೌಟರನ್ನು ಅದರ ಜೊತೆಗೆ ಸೇರಿಸಿ, ಎರಡರಲ್ಲೂ ಕೀಪ್‌ಅಲೈವ್‌ಡಿ ಎಂಬ ತಂತ್ರಾಂಶದ ಮೂಲಕ ವಿಆರ್‌ಆರ್‌ಪಿ ಅಳವಡಿಸಿದೆ. ಒಂದು ರೌಟರ್ ಕೈಕೊಟ್ಟರೆ ಇನ್ನೊಂದು ತಾನಾಗಿಯೇ ಅದರ ಜಾಗಕ್ಕೆ ಬರುವಂತೆ ಮಾಡುವ ನಿಯಮಾವಳಿಯೇ ವಿಆರ್‌ಆರ್‌ಪಿ.

ರೌಟರ್‌ಗಳ ಸ್ವಂತ ವಿಳಾಸಗಳು 192.168.10.2 ಮತ್ತು 192.168.10.3. ಬಳಕೆದಾರರಿಗೆ ಗೇಟ್‌ವೇ (ತಮ್ಮ ವಿಎಲ್‌ಎಎನ್‌ನಿಂದ ಹೊರಹೋಗುವ ಬಾಗಿಲು) ಆಗಿ ಕಾಣುವ 192.168.10.1 ಆಯಾ ಹೊತ್ತಿಗೆ ಮಾಸ್ಟರ್, ಅಂದರೆ ಕೆಲಸ ನಡೆಸುವ ರೌಟರ್‌ನ ಬಳಿ ಇರುತ್ತದೆ; ಇನ್ನೊಂದು ಬ್ಯಾಕಪ್ ಆಗಿ ಕಾಯುತ್ತದೆ. ಮಾಸ್ಟರ್ 224.0.0.18 ಎಂಬ ಮಲ್ಟಿಕಾಸ್ಟ್ (ಒಮ್ಮೆಗೇ ಹಲವರಿಗೆ ತಲುಪುವ) ವಿಳಾಸಕ್ಕೆ ನಿಯತವಾಗಿ ಪ್ರಕಟಣೆ ಕಳುಹಿಸುತ್ತದೆ. ಅದು ನಿಂತರೆ ಬ್ಯಾಕಪ್ ರೌಟರ್ ಗೇಟ್‌ವೇ ವಿಳಾಸವನ್ನು ವಹಿಸಿಕೊಳ್ಳುತ್ತದೆ. ಈ ಪ್ರಕಟಣೆಗಳದ್ದು 112ನೆಯ ಐಪಿ ಪ್ರೋಟೋಕಾಲ್ ಆದ್ದರಿಂದ ಫೈರ್‌ವಾಲ್‌ನಲ್ಲಿ ಅದಕ್ಕೆ ದಾರಿ ಬಿಡಬೇಕು, ಇಲ್ಲವಾದರೆ ಎರಡೂ ರೌಟರ್‌ಗಳು ತಾವೇ ಮಾಸ್ಟರ್ ಎಂದು ತಿಳಿಯುತ್ತವೆ.

ಪ್ರತಿ ರೌಟರ್‌ಗೂ ಆದ್ಯತೆ ಎಂಬ ಅಂಕವಿರುತ್ತದೆ, ಅದು ಹೆಚ್ಚಿರುವುದೇ ಮಾಸ್ಟರ್. ವಿಆರ್‌ಆರ್‌ಪಿಯ ಎರಡನೆಯ ಆವೃತ್ತಿಯಲ್ಲಿ ಪ್ರಕಟಣೆಯ ಅಂತರ 1 ಸೆಕೆಂಡ್ ಇದ್ದರೆ, 100 ಆದ್ಯತೆಯ ಬ್ಯಾಕಪ್ ಅಧಿಕಾರ ವಹಿಸಿಕೊಳ್ಳುವ ಮೊದಲು ಸುಮಾರು 3.6 ಸೆಕೆಂಡ್ ಕಾಯುತ್ತದೆ. ಮೂರನೆಯ ಆವೃತ್ತಿಯಲ್ಲಿ ಅಂತರವನ್ನು 0.2 ಸೆಕೆಂಡ್‌ಗೆ ಇಳಿಸಿದಾಗ ಈ ಕಾಯುವಿಕೆ ಸುಮಾರು 0.72 ಸೆಕೆಂಡ್‌ಗೆ ಬಂತು. ಇನ್ನೂ ಇಳಿಸಬಹುದಿತ್ತು, ಆದರೆ ರೌಟರ್ ಮೇಲೆ ಕೆಲಸದ ಒತ್ತಡ ಹೆಚ್ಚಿದಾಗ ಒಂದೆರಡು ಪ್ರಕಟಣೆ ತಡವಾದರೂ ಅಧಿಕಾರ ಕೈಬದಲಾಗುವುದು ನನಗೆ ಬೇಕಿರಲಿಲ್ಲ.

ನಿಜವಾದ ತೊಡಕು ಇರುವುದು, ರೌಟರ್ ಜೀವಂತವಾಗಿದ್ದು ಅದರ ಹೊರಸಂಪರ್ಕ ಮಾತ್ರ ಸತ್ತಾಗ. ಪ್ರಕಟಣೆಗಳು ಎಂದಿನಂತೆ ಹೋಗುತ್ತಲೇ ಇರುವುದರಿಂದ ಬ್ಯಾಕಪ್‌ಗೆ ಏನೂ ತಿಳಿಯುವುದಿಲ್ಲ. ಆದಕಾರಣ ಸೇವಾದಾರರ ಮೋಡೆಮ್‌ನಿಂದಾಚೆಗಿನ ವಿಳಾಸವೊಂದನ್ನು ಸೆಕೆಂಡಿಗೊಮ್ಮೆ ಪಿಂಗ್ ಮಾಡುವ (ಉತ್ತರ ಬರುತ್ತದೆಯೇ ಎಂದು ಪರೀಕ್ಷಿಸುವ) ಸ್ಕ್ರಿಪ್ಟನ್ನು ಎರಡೂ ಕಡೆ, ಪ್ರತಿಯೊಂದು ವಿಎಲ್‌ಎಎನ್‌ನ ವಿಆರ್‌ಆರ್‌ಪಿ ಗುಂಪಿಗೂ ಜೋಡಿಸಿದೆ. ಸತತ ಮೂರು ಬಾರಿ ಉತ್ತರ ಬಾರದಿದ್ದರೆ ಮೊದಲ ರೌಟರ್‌ನ ಆದ್ಯತೆ 150ರಿಂದ 90ಕ್ಕೆ ಇಳಿಯುತ್ತದೆ, 100 ಇರುವ ಎರಡನೆಯದು ಮಾಸ್ಟರ್ ಆಗುತ್ತದೆ. ಟೈಮರ್ ಎಷ್ಟೇ ಚುರುಕಾಗಿದ್ದರೂ ಈ ಬಗೆಯ ವೈಫಲ್ಯಕ್ಕೆ ನಾಲ್ಕು ಸೆಕೆಂಡ್ ಹತ್ತಿರ ಹಿಡಿಯುತ್ತದೆ.

ಸ್ಕ್ರಿಪ್ಟ್ ಸೋತೊಡನೆ ಆ ರೌಟರನ್ನು ಫಾಲ್ಟ್ ಸ್ಥಿತಿಗೆ, ಅಂದರೆ ಮಾಸ್ಟರ್ ಆಗಲಾರದ ಸ್ಥಿತಿಗೆ, ತಳ್ಳುವ ಇನ್ನೊಂದು ದಾರಿಯೂ ಇದೆ. ಅದನ್ನು ನಾನು ಬೇಡವೆಂದುಕೊಂಡೆ, ಏಕೆಂದರೆ ಎರಡೂ ಸೇವಾದಾರರ ಸಂಪರ್ಕ ಒಟ್ಟಿಗೆ ಹೋದ ದಿನ ಗೇಟ್‌ವೇ ವಿಳಾಸ ಯಾರ ಬಳಿಯೂ ಉಳಿಯದೆ, ಪಕ್ಕದ ಪ್ರಿಂಟರ್‌ಗೆ ಕಾಗದ ಕಳುಹಿಸುವುದೂ ನಿಂತುಹೋಗುತ್ತದೆ. ಆದ್ಯತೆ ಇಳಿಸುವ ಕ್ರಮದಲ್ಲಿ ಎರಡೂ 60 ಅಂಕ ಕಳೆದುಕೊಂಡು 90 ಮತ್ತು 40 ಆಗುವುದರಿಂದ ಮೊದಲನೆಯದೇ ಮಾಸ್ಟರ್ ಆಗಿ ಮುಂದುವರಿಯುತ್ತದೆ. ಈ ಕ್ರಮಕ್ಕೆ ನೋಪ್ರಿಎಂಪ್ಟ್ (ಇರುವ ಮಾಸ್ಟರನ್ನು ಹೆಚ್ಚು ಆದ್ಯತೆಯದು ಪದಚ್ಯುತಗೊಳಿಸದಂತೆ ತಡೆಯುವ ಆಯ್ಕೆ) ಹೊಂದುವುದಿಲ್ಲವೆಂಬುದನ್ನೂ ಗಮನಿಸಬೇಕು: ಅದನ್ನು ಹಾಕಿದರೆ ಆದ್ಯತೆ ಎಷ್ಟು ಇಳಿದರೂ ಬ್ಯಾಕಪ್ ಮುಂದೆ ಬರುವುದಿಲ್ಲ. ಸಂಪರ್ಕ ಬಂದುಹೋಗುವಾಗಲೆಲ್ಲ ಅಧಿಕಾರ ಅತ್ತಿತ್ತ ಆಗದಿರಲು, ಸತತ 60 ಪಿಂಗ್‌ಗಳಿಗೆ ಉತ್ತರ ಬಂದ ಮೇಲಷ್ಟೇ ಹಳೆಯ ಆದ್ಯತೆ ಮರಳುವಂತೆ ಮಾಡಿದೆ. ರೌಟರ್ ಮರುಚಾಲನೆಯಾದಾಗಲೂ ಇದೇ ತಡೆ ಇರಲೆಂದು, ಆರಂಭದಲ್ಲಿ ಸ್ಕ್ರಿಪ್ಟ್ ಸೋತಿದೆ ಎಂದೇ ಎಣಿಸುವ ಇನಿಟ್‌ಫೇಲ್ ಆಯ್ಕೆಯನ್ನು ಸೇರಿಸಿದೆ.

ಒಳಗಿನ ವಿಳಾಸಗಳನ್ನು ಒಂದು ಸಾರ್ವಜನಿಕ ವಿಳಾಸಕ್ಕೆ ಬದಲಿಸುವ ಎನ್‌ಎಟಿ ಮೂಲಕ ಚಾಲ್ತಿಯಲ್ಲಿರುವ ಸಂಪರ್ಕಗಳನ್ನು ಉಳಿಸಲು, ಅವುಗಳ ಮಾಹಿತಿಯನ್ನು ಎರಡು ರೌಟರ್‌ಗಳ ನಡುವೆ ಹಂಚುವ ಕಾನ್‌ಟ್ರ್ಯಾಕ್‌ಡಿ ಬಳಸುವುದುಂಟು. ನಮ್ಮಲ್ಲಿ ಸೇವಾದಾರರು ಬೇರೆಯಾಗಿರುವುದರಿಂದ ಸಾರ್ವಜನಿಕ ವಿಳಾಸವೇ ಬದಲಾಗಿ ಆ ಸಂಪರ್ಕಗಳು ಹೇಗೂ ಕಡಿಯುತ್ತವೆ. ಹಾಗಾಗಿ ಅದನ್ನು ಹಾಕಲಿಲ್ಲ. ಬ್ರೌಸರ್‌ನಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ವಿಪಿಎನ್ ಮಾತ್ರ ಮತ್ತೆ ಜೋಡಣೆಯಾಗಬೇಕಾಗುತ್ತದೆ.